"ಅವ್ರು ಗೆದ್ರ ನಿನಗೇನು ಬಂತು?" ಅಂತ ಕೇಳಾಕತ್ತಾರ, ಏನ್ ಹೇಳ್ಲಿ?

ಗದಗಿನಿಂದ ಒಬ್ರು ಬರದ ಪ್ರಶ್ನಿ ಇದು, ಸ್ವಲ್ಪ ಮೊಟಕು ಮಾಡಿ ಹಾಕೀನಿ:

"ಸರ್, ನನಗ 36 ವಯಸ್ಸು, ಗದಗಿನಾಗ ಬಟ್ಟಿ ಅಂಗಡಿ ಐತಿ. 2025ರ ಮಾರ್ಚ್ 29ಕ್ಕ ಕಂಠೀರವ ಸ್ಟೇಡಿಯಂನ್ಯಾಗ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ಟೀಮು ಮುಂಬೈ ಸಿಟಿಗೆ 5-0 ಹೊಡೀತಲ್ಲ, ಆ ಮ್ಯಾಚಿಗೆ ತಮ್ಮನ್ನ ಕರ್ಕೊಂಡು ಹೋಗಿದ್ದೆ. ಸುನೀಲ್ ಛೆಟ್ರಿ ಗೋಲು ಹೊಡದಾಗ ಅಳು ತಡೀಲಿಲ್ಲ, ಬಾಜೂ ನಿಂತಿದ್ದ ಗುರ್ತಿಲ್ಲದ ಅಜ್ಜಾರನ್ನ ತಬ್ಕೊಂಡಬಿಟ್ಟೆ. ಊರಿಗೆ ಬಂದಮ್ಯಾಲೆ ಎರಡ ದಿನ ನಿದ್ದಿ ಇಲ್ಲ, ಮೂರನೇ ದಿನ ಏನೋ ಕಳ್ಕೊಂಡಂಗ ಖಾಲಿ ಖಾಲಿ. ಆಮ್ಯಾಲೆ ಫೈನಲ್‌ನ್ಯಾಗ ನಾವು ಸೋತ್ವಿ, ಅವತ್ತ ರಾತ್ರಿ ಊಟ ಸೇರ್ಲಿಲ್ಲ. ಹೆಂಡ್ತಿ 'ಅವ್ರು ಗೆದ್ರ ನಿನಗೇನು ಬಂತು' ಅಂತಾಳ. ಗೆಳ್ಯಾರು 'ಗದಗಿನವ ನೀ, ಬೆಂಗಳೂರು ಟೀಮ್ ನಿಂದು ಹೆಂಗ ಆತು' ಅಂತಾರ. ನನಗೇನಾರ ಮಾನಸಿಕ ತೊಂದ್ರಿ ಐತೇನು? ನಾವು ಗೆದ್ವಿ ಅನ್ನೂದು ತಪ್ಪೇನು?"

ಮೊದಲ ಹೇಳಿಬಿಡ್ತೀನಿ, ನಿಮಗೇನೂ ಆಗಿಲ್ಲ. ನಾನು ಧಾರವಾಡದಾಗ ಇಪ್ಪತ್ತೆರಡು ವರ್ಷದಿಂದ ಆಟಗಾರರ ಮನಸ್ಸಿನ ಕೆಲಸ ಮಾಡಾವ, ಕಬಡ್ಡಿ ಹುಡುಗ್ರು, ಪೈಲ್ವಾನರು, ಓಟದ ಹುಡಿಗ್ಯಾರು, ಎಲ್ಲಾರೂ ಬರ್ತಾರ. ಗೆದ್ದ ಆಟಗಾರ ನನ್ನ ಮುಂದ ಕುಂತು ಹೇಳೂದೂ ನೀವು ಬರದದ್ದೂ ಹೆಚ್ಚೂಕಡಿಮಿ ಒಂದ ಐತಿ. ನಿದ್ದಿ ಇಲ್ಲ, ಗಂಟಲು ಹೋಗೇತಿ, ಮೂರನೇ ದಿನ ಖಾಲಿ. ಅಂದ್ರ ಆ ಮ್ಯಾಚು ನಿಮ್ಮ ಮೈನೂ ಆಡೈತಿ.

ನಿಮ್ಮ ಪತ್ರ ಓದಾಗ ನನ್ನ ಕಣ್ಣು ನಿಂತದ್ದು ಅಳು ಬಂತು ಅನ್ನೂದ್ರ ಮ್ಯಾಲೆ ಅಲ್ರಿ, "ಫೈನಲ್‌ನ್ಯಾಗ ನಾವು ಸೋತ್ವಿ" ಅಂತ ಬರದೀರಲ್ಲ ಅದರ ಮ್ಯಾಲೆ. ಅದಕ್ಕ ಆಮ್ಯಾಲೆ ಬರ್ತೀನಿ, ನೆನಪಿಟ್ಕೊಂಡಿರ್ರಿ.

ಈಗ ಮೈ ಕತಿ ಹೇಳತೀನಿ. 1994ರ ವರ್ಲ್ಡ್ ಕಪ್ ಫೈನಲ್, ಬ್ರೆಜಿಲ್ ಮತ್ತ ಇಟಲಿ, ಪೆನಾಲ್ಟಿ ಶೂಟೌಟ್‌ನ್ಯಾಗ ಬ್ರೆಜಿಲ್ ಗೆದ್ದದ್ದು. ಆ ಮ್ಯಾಚನ್ನ ಟಿವಿಯಾಗ ನೋಡಾಕತ್ತಿದ್ದ ಎರಡೂ ಕಡಿ ಫ್ಯಾನ್ಸ್‌ದು ಎಂಜಲು ತಗೊಂಡು ಸಂಶೋಧಕರು ಟೆಸ್ಟ್ ಮಾಡಿದ್ರು, ಮ್ಯಾಚಿಗೂ ಮೊದಲ ಒಮ್ಮೆ, ಮುಗದಮ್ಯಾಲೆ ಒಮ್ಮೆ. ಬ್ರೆಜಿಲ್ ಕಡಿ ಗಂಡಸರ ಟೆಸ್ಟೋಸ್ಟೆರೋನ್ ಅನ್ನೂ ಹಾರ್ಮೋನು ಏರಿತ್ತು, ಇಟಲಿ ಕಡಿಯವ್ರದು ಇಳದಿತ್ತು. ಇವ್ರ್ಯಾರೂ ಬಾಲ್ ಮುಟ್ಟಿದವ್ರಲ್ಲ, ಸ್ಟೇಡಿಯಂನ್ಯಾಗ ಸುದ್ದಾ ಇದ್ದವ್ರಲ್ಲ, ಕುರ್ಚಿ ಮ್ಯಾಲೆ ಕುಂತು ನೋಡಿದವ್ರು. ಅಖಾಡದಾಗ ಗೆದ್ದ ಪೈಲ್ವಾನನ ರಕ್ತದಾಗ ಆಗೂ ಏರಿಳಿತ, ನೋಡಾವರ ಎಂಜಲದಾಗೂ ಸಿಕ್ಕಿತು. ಸಣ್ಣ ಅಧ್ಯಯನ, ಹೆಚ್ಚು ಮಂದಿ ಇದ್ದಿಲ್ಲ, ಆದ್ರ ದಾರಿ ತೋರಿಸಿದ್ದಂತೂ ಖರೆ. ನಿಮ್ಮ ಹೆಂಡ್ತಿ ಕೇಳಿದ "ನಿನಗೇನು ಬಂತು" ಅನ್ನೂದಕ್ಕ ಅರ್ಧ ಉತ್ತರ ಇಲ್ಲೇ ಐತಿ ನೋಡ್ರಿ, ರೊಕ್ಕ ಬರ್ಲಿಲ್ಲ, ಕಪ್ ಬರ್ಲಿಲ್ಲ, ಮೈಯಾಗ ಮಾತ್ರ ಗೆದ್ದವರಿಗೆ ಬರೂದು ಬಂತು.

ಇನ್ನ ಆ ಅಜ್ಜಾರನ್ನ ತಬ್ಕೊಂಡದ್ದು. ಇದು ನನಗ ಭಾಳ ಹತ್ತಿರದ ವಿಷಯ, ಸ್ವಲ್ಪ ಉದ್ದ ಹೇಳ್ತೀನಿ ಬ್ಯಾಸರ ಮಾಡ್ಕೋಬ್ಯಾಡ್ರಿ.

ನಮ್ಮೂರು ನವಲಗುಂದ ಕಡಿ. ಮೊಹರಂದಾಗ ಅಲಾಯಿ ಕುಣಿ ತೋಡಿ ಬೆಂಕಿ ಮಾಡ್ತಾರಲ್ಲ, ಹಿಂದೂ ಮುಸಲ್ಮಾನ ಅನ್ನದ ಎಲ್ಲಾರೂ ಸೇರೂ ಹಬ್ಬ. ನನಗ ಎಂಟು ವರ್ಷ ಇದ್ದಾಗ ನಮ್ಮಪ್ಪ ಹರಕಿ ಹೊತ್ತು ಅಗ್ಗಿ ಹಾದಿದ್ದ. ನಾನು ಅವ್ವನ ಕೈ ಹಿಡ್ಕೊಂಡು ನಿಂತಿದ್ದೆ. ಅಪ್ಪ ಕೆಂಡದ ಕಡಿ ಕಾಲಿಟ್ಟ ಕೂಡ್ಲೆ ಅವ್ವನ ಕೈ ಒದ್ದೀ ಆಗಿ ಜಾರಾಕತ್ತಿತು, ಅವಳ ಬಳಿ ನನ್ನ ಮಣಿಕಟ್ಟಿಗೆ ಒತ್ತಿ ಒತ್ತಿ ಕೆಂಪಗ ಗೆರಿ ಬಿದ್ದಿತ್ತು. ಅಪ್ಪ ಆಕಡಿ ದಾಟಿದ, ಅವನಿಗೇನೂ ಆಗಿದ್ದಿಲ್ಲ, ನಗಾಕತ್ತಿದ್ದ. ಇಕಡಿ ಅವ್ವ ಕುಂತಬಿಟ್ಟಳು, ಕಾಲಾಗ ಶಕ್ತಿ ಇಲ್ಲ. ನಮ್ಮ ಹಿಂದ ಪ್ಯಾಟಿಯಿಂದ ನೋಡಾಕ ಬಂದಿದ್ದ ಇಬ್ರು ಬೀಡಿ ಸೇದಿಕೋತ ಮಾತಾಡಿಕೋತ ನಿಂತಿದ್ರು, ಅವರಿಗೆ ಅದು ತಮಾಷಿ ಅಷ್ಟ.

ಎಷ್ಟೋ ವರ್ಷ ಆದಮ್ಯಾಲೆ 2011ರಾಗ ಒಂದ ಸಂಶೋಧನೆ ಓದಿದೆ. ಸ್ಪೇನ್ ದೇಶದ ಸಾನ್ ಪೆದ್ರೊ ಮನ್ರಿಕೆ ಅನ್ನೂ ಹಳ್ಳ್ಯಾಗೂ ವರ್ಷಕ್ಕೊಮ್ಮೆ ಕೆಂಡ ಹಾಯ್ತಾರ. ಅಲ್ಲಿ ಹಾಯಾವರಿಗೂ ನೋಡಾವರಿಗೂ ಎದಿಬಡಿತ ಅಳಿಯೂ ಪಟ್ಟಿ ಕಟ್ಟಿ ನೋಡಿದ್ರು. ಕೆಂಡ ಹಾಯಾವನ ಎದಿ ಹೆಂಗ ಏರಿ ಇಳೀತೋ, ಸುಮ್ಮನ ನಿಂತು ನೋಡಾಕತ್ತಿದ್ದ ಅವನ ಬೀಗರು ಬಳಗದವರ ಎದಿನೂ ಹಂಗ ಏರಿ ಇಳೀತು. ಸಂಬಂಧ ಇಲ್ಲದ ಹೊರಗಿನ ನೋಡುಗರ ಎದಿ ಮಾತ್ರ ತನ್ನಪಾಡಿಗೆ ತಾನು ಇತ್ತು. ಅದನ್ನ ಓದಿದಾಗ ನನಗ ಮಣಿಕಟ್ಟು ನೆನಪಾತು ನೋಡ್ರಿ.

ಸ್ಟೇಡಿಯಂನ್ಯಾಗ ಆಗೂದೂ ಇದ. ಮೊನ್ನೆ ಮೊನ್ನೆ ಅದ ಥರದ ಕೆಲಸ ಮಾಡೂ ಸಂಶೋಧಕರು ಬ್ರೆಜಿಲ್‌ನ ಅತ್ಲೆತಿಕೊ ಮಿನೇರೊ ಕ್ಲಬ್ಬಿನ ಫ್ಯಾನ್ಸ್ ಎದಿಗೆ ಪಟ್ಟಿ ಕಟ್ಟಿ ನೋಡಿದ್ರು. ಅಲ್ಲಿ ಟೀಮಿನ ಬಸ್ ಬರೂ ಹೊತ್ತಿಗೆ ಬೀದಿ ತುಂಬ ಹೊಗಿ, ಬೆಂಕಿ, ಹಾಡು, ಅದಕ್ಕ ಬೆಂಕಿ ಬೀದಿ ಅಂತನ ಹೆಸರು. ಎಲ್ಲಾರ ಎದಿ ಒಂದ ತಾಳಕ್ಕ ಬರೂದು ಆಟದಾಗಿಂತ ಆ ಬೀದಿಯಾಗ ಹೆಚ್ಚಿತ್ತಂತ, ಒಂದ ಹೊತ್ತು ಬಿಟ್ಟು, ತಮ್ಮ ಟೀಮ್ ಗೋಲು ಹೊಡದ ಹೊತ್ತು. ನೀವು ಅಜ್ಜಾರನ್ನ ತಬ್ಕೊಂಡದ್ದು ಯಾವಾಗ? ಗೋಲು ಆದಾಗ. ಅದಕ್ಕಿಂತ ಮೊದಲ ಒಂದೂವರಿ ತಾಸು ನೀವಿಬ್ರೂ ಒಂದ ಹಾಡು ಹಾಡೀರಿ, ಒಂದ ಸಲ ಕುಂತೀರಿ, ಒಂದ ಸಲ ಎದ್ದೀರಿ, ಒಂದ ಡ್ರಮ್ಮಿಗೆ ಚಪ್ಪಾಳಿ ತಟ್ಟೀರಿ. ಹೆಸರು ಗೊತ್ತಿಲ್ಲ ಅಷ್ಟ, ಗುರ್ತು ಇಲ್ಲ ಅನ್ನೂದು ಸುಳ್ಳು.

ನಿಮ್ಮ ಹೆಂಡ್ತಿ ಮಾತಿಗೆ ಸಿಟ್ಟಾಗಬ್ಯಾಡ್ರಿ. ಅವ್ರು ಪಾಪ ನಮ್ಮೂರ ಕುಣಿ ಮುಂದ ನಿಂತ ಪ್ಯಾಟಿ ಮಂದಿ ಜಾಗದಾಗ ಅದಾರ, ಅವರಿಗೆ ಅಲ್ಲಿ ತಮ್ಮವ್ರು ಯಾರೂ ಕಾಣಂಗಿಲ್ಲ. ಎದಿ ಸೇರಾಕ ಅಲ್ಲೊಬ್ಬ ತನ್ನಾವ ಇರಬೇಕು.

ನಿದ್ದಿ ವಿಷಯ ಬೇಗ ಮುಗಸ್ತೀನಿ. ರಾತ್ರಿ ಏಳೂವರಿಗೆ ಶುರುವಾದ ಮ್ಯಾಚು, ಮುಗಿಯೂದು ಒಂಬತ್ತೂವರಿ ಮ್ಯಾಲೆ, ಕೂಗಿ ಕುಣದು ಮೈ ಕಾದಿರತೈತಿ, ಅಡ್ರಿನಲಿನ್ ಕಾರ್ಟಿಸೋಲ್ ಅಂತಾ ಒತ್ತಡದ ಹಾರ್ಮೋನು ಏರಿರ್ತಾವ, ಅದರ ಮ್ಯಾಲೆ ರಾತ್ರಿ ಬಸ್ಸು, ನಾನೂರು ಕಿಲೋಮೀಟರ್ ಕುಂತು ಬರೂದು, ಮೊಬೈಲ್‌ನ್ಯಾಗ ಅದ ಗೋಲು ಹಿಂದ ಮುಂದ ಮಾಡಿ ನಲವತ್ತು ಸಲ ನೋಡೂದು, ಇಷ್ಟೆಲ್ಲಾ ಮಾಡಿ ನಿದ್ದಿ ಬರ್ಲಿಲ್ಲ ಅಂದ್ರ ಅದು ಎಲ್ಲಿಂದ ಬರಬೇಕ್ರಿ. ಮೂರನೇ ದಿನದ ಖಾಲಿತನ ಅಂದ್ರ ಅರ್ಧ ನಿದ್ದಿ ಸಾಲ, ಇನ್ನರ್ಧ ಆ ಸಾವಿರಾರು ಮಂದಿ ನಡುವಿಂದ ಎದ್ದು ಬಂದು ಒಬ್ಬಾವ ಕೌಂಟರ್ ಹಿಂದ ಕುಂತದ್ದು. ಜಾತ್ರಿ ಮುಗದ ಮರುದಿನ ಊರು ಹೆಂಗ ಇರತೈತಿ, ತೇರು ಮೂಲಿಗೆ ನಿಂತಿರತೈತಿ, ಬೆಂಡು ಬತಾಸು ಅಂಗಡಿಯವ್ರು ತಗಡು ಬಿಚ್ಚಾಕತ್ತಿರ್ತಾರ, ಹುಡುಗ್ರು ಸುಮ್ಮನ ತಿರಗತಿರ್ತಾರ, ಅದು ನಿಮ್ಮೊಳಗ ಆಗೈತಿ. ಎರಡ ಮೂರ ದಿನದಾಗ ಹೋಗತೈತಿ. ಎರಡ ವಾರ ಆದ್ರೂ ಹಂಗ ಇದ್ರ, ಅಂಗಡಿ ತೆಗಿಯಾಕ ಮನಸ್ಸಿಲ್ಲ, ಯಾವುದ್ರಾಗೂ ರುಚಿ ಇಲ್ಲ ಅನಿಸಿದ್ರ, ಆಗ ಅದು ಫುಟ್‌ಬಾಲ್ ವಿಷಯ ಅಲ್ಲ, ಆಗ ಡಾಕ್ಟರ ಹತ್ರ ಹೋಗ್ರಿ, ಧಾರವಾಡದಾಗ ಮಾನಸಿಕ ಆರೋಗ್ಯದ ಆಸ್ಪತ್ರಿ ಡಿಮ್ಹಾನ್ಸ್ ಐತಿ, ಹೋಗಾಕ ನಾಚಿಕಿ ಬ್ಯಾಡ.

ಈಗ ಬರೂದು ನನಗ ಮುಖ್ಯ ಅನಿಸಿದ್ದು.

1976ರಾಗ ಅಮೆರಿಕದ ರಾಬರ್ಟ್ ಸಿಯಾಲ್ಡಿನಿ ಅನ್ನೂ ಮನಶ್ಶಾಸ್ತ್ರಜ್ಞರು ಮತ್ತ ಅವ್ರ ಜೋಡಿ ಕೆಲಸ ಮಾಡಾವ್ರು ಏಳು ಯೂನಿವರ್ಸಿಟಿಗಳಾಗ ಒಂದ ಸರಳ ಕೆಲಸ ಮಾಡಿ, ಅದನ್ನ ಪ್ರಕಟಿಸಿದ್ರು. ಶನಿವಾರ ಕಾಲೇಜ್ ಟೀಮಿನ ಮ್ಯಾಚು, ಅದು ಅವ್ರ ಅಮೆರಿಕನ್ ಫುಟ್‌ಬಾಲ್, ಸೋಮವಾರ ಕ್ಲಾಸಿನ್ಯಾಗ ಎಷ್ಟ ಹುಡುಗ್ರು ಕಾಲೇಜ್ ಹೆಸರಿನ ಅಂಗಿ ಹಾಕ್ಕೊಂಡು ಬಂದಾರ ಅಂತ ಎಣಿಸೂದು. ಗೆದ್ದ ಸೋಮವಾರ ಅಂತಾ ಅಂಗಿ ಹೆಚ್ಚು. ಆಮ್ಯಾಲೆ ಫೋನ್ ಮಾಡಿ ಮ್ಯಾಚಿನ ಬಗ್ಗೆ ಕೇಳಿದ್ರು. ಗೆದ್ದ ಮ್ಯಾಚಿನ ಬಗ್ಗೆ ಹೇಳಾಗ "ನಾವು" ಅನ್ನೂದು ಹೆಚ್ಚು, ಸೋತದ್ರ ಬಗ್ಗೆ ಹೇಳಾಗ ಅದು ಕಡಿಮಿಯಾಗಿ "ಅವ್ರು" ಆಗಿತ್ತು. ಇದು ಮನುಷ್ಯನ ಸಹಜ ಗುಣ, ನಮ್ಮ ಓಣ್ಯಾಗೂ ದಿನಾ ಕೇಳತೀವಿ, ಹುಡುಗ ಫಸ್ಟ್ ಕ್ಲಾಸ್ ಬಂದ್ರ ನಮ್ಮ ಹುಡುಗ, ಫೇಲ್ ಆದ್ರ ನಿಮ್ಮ ಅಣ್ಣನ ಮಗ.

ನೀವು ಏನ್ ಬರದೀರಿ ನೋಡ್ರಿ ಮತ್ತ. 5-0 ಆದ ಎರಡ ವಾರಕ್ಕ ಏಪ್ರಿಲ್ 12ಕ್ಕ ಕೋಲ್ಕತ್ತಾದ ಸಾಲ್ಟ್ ಲೇಕ್ ಸ್ಟೇಡಿಯಂನ್ಯಾಗ ಐಎಸ್ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್, ಮೋಹನ್ ಬಗಾನ್ ಎದುರು ಮೊದಲ ಗೋಲು ಬೆಂಗಳೂರಿಂದ, ಆಮ್ಯಾಲೆ ಪೆನಾಲ್ಟಿ, ಆಮ್ಯಾಲೆ ಎಕ್ಸ್ಟ್ರಾ ಟೈಮ್, ಕಡೀಕ 2-1 ಸೋಲು. ಆ ರಾತ್ರಿ ಬಗ್ಗೆ ನೀವು "ಅವ್ರು ಸೋತ್ರು" ಅಂತ ಬರೀಬೌದಿತ್ತು, ಯಾರೂ ಏನೂ ಅಂತಿದ್ದಿಲ್ಲ. "ನಾವು ಸೋತ್ವಿ, ಊಟ ಸೇರ್ಲಿಲ್ಲ" ಅಂತ ಬರದೀರಿ. ಸೋತಾಗ ನಾವು ಅಂದಾವನಿಗೆ ಗೆದ್ದಾಗ ನಾವು ಅನ್ನೂ ಹಕ್ಕು ಪೂರಾ ಐತಿ, ಇದಕ್ಕ ಯಾರ ಪರ್ಮಿಷನ್ನೂ ಬೇಕಿಲ್ಲ. ನಿಮ್ಮ ಗೆಳ್ಯಾರು ಗದಗು ಬೆಂಗಳೂರು ಅಂತ ಕಿಲೋಮೀಟರ್ ಲೆಕ್ಕ ಹಾಕ್ತಾರಲ್ಲ, ಅವರಿಗೆ ಈ ಲೆಕ್ಕ ಹೇಳ್ರಿ.

ಇದು ಸೋವಿ ಹಕ್ಕು ಅಲ್ಲ ಅನ್ನೂದೂ ಗೊತ್ತಿರ್ಲಿ. ಬ್ರಿಟನ್ನಿನ್ಯಾಗ ಒಂದ ಮೊಬೈಲ್ ಆ್ಯಪ್ ಮೂಲಕ ಸಾವಿರಾರು ಮಂದೀನ ದಿನಾ "ಈಗ ಎಷ್ಟು ಖುಷಿಯಾಗಿದೀರಿ" ಅಂತ ಕೇಳಿ ಮಾಹಿತಿ ಕೂಡಿಸಿದ್ರು, ಅದನ್ನ ಫುಟ್‌ಬಾಲ್ ರಿಸಲ್ಟ್ ಜೋಡಿ ಇಟ್ಟು ನೋಡಿದ್ರ, ಗೆದ್ದಾಗ ಆಗೂ ಖುಷಿಗಿಂತ ಸೋತಾಗ ಆಗೂ ದುಃಖ ಸುಮಾರು ಎರಡ ಪಟ್ಟು ಅಂತ ಸಿಕ್ಕಿತು, ಅದೂ ಹೆಚ್ಚು ಹೊತ್ತು ಇರತೈತಿ. ಬರೇ ಲಾಭ ನಷ್ಟ ನೋಡಿದ್ರ ಫ್ಯಾನ್ ಆಗೂದು ನಷ್ಟದ ವ್ಯಾಪಾರ, ಅಂಗಡಿ ನಡಸಾವ್ರು ನಿಮಗ ನಾ ಹೇಳಬೇಕಿಲ್ಲ. ಆದ್ರೂ ಮಂದಿ ಬಿಡಂಗಿಲ್ಲ ಯಾಕಂದ್ರ, ಕೂಡಿ ಗೆದ್ದದ್ದಕ್ಕಿಂತ ಕೂಡಿ ಸೋತದ್ದು ಮನುಷ್ಯರನ್ನ ಗಟ್ಟಿ ಹಿಡಿತೈತಿ. 2014ರ ವರ್ಲ್ಡ್ ಕಪ್‌ನ್ಯಾಗ ಬ್ರೆಜಿಲ್ ತನ್ನ ಮನಿ ಅಂಗಳದಾಗ, ಬೆಲೊ ಒರಿಝೊಂಟೆ ಊರಾಗ, ಜರ್ಮನಿ ಕೈಯಾಗ 7-1 ಸೋತಿತ್ತು, ಆಮ್ಯಾಲೆ ಏನ್ ಬ್ರೆಜಿಲ್ ಮಂದಿ ಹಳದಿ ಅಂಗಿ ಬಿಚ್ಚಿ ಒಗದ್ರೇನು? ನಾ 2016ರ ಬಗ್ಗೆ ಹೇಳಿದ್ರೂ ಇದ ಮಾತು ಬರತೈತಿ.

2016ರ ಅಕ್ಟೋಬರ್ 19, ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಸೆಮಿಫೈನಲ್ ಎರಡನೇ ಲೆಗ್, ಅಂದ್ರ ಎರಡನೇ ಮ್ಯಾಚು, ಕಂಠೀರವದಾಗ. ಎದುರಿಗೆ ಮಲೇಷ್ಯಾದ ಜೊಹೊರ್ ದಾರುಲ್ ತಾಝಿಮ್, ಹಿಂದಿನ ವರ್ಷದ ಚಾಂಪಿಯನ್. ಮೊದಲ ಲೆಗ್ ಅಲ್ಲಿ 1-1 ಆಗಿತ್ತು. ನಾನು ಹುಬ್ಬಳ್ಳಿಯಿಂದ ಮೂರು ಹುಡುಗ್ರನ್ನ ಕರ್ಕೊಂಡು ಹೋಗಿದ್ದೆ. 11ನೇ ನಿಮಿಷಕ್ಕ ಜೊಹೊರ್ ಗೋಲು ಹೊಡೀತು. ಇಡೀ ಸ್ಟೇಡಿಯಂ ಒಂದ ಕ್ಷಣ ಬಾಯಿ ಮುಚ್ಚಿತು ನೋಡ್ರಿ, ನಮ್ಮ ಹುಡುಗೊಬ್ಬನ ಕೈಯಾಗಿದ್ದ ಶೇಂಗಾ ಪೊಟ್ಟಣ ಕೆಳಗ ಬಿದ್ದ ಸಪ್ಪಳ ನನಗ ಕೇಳಿತು. ಆಮ್ಯಾಲೆ ವೆಸ್ಟ್ ಬ್ಲಾಕ್ ಕಡಿಯಿಂದ ಒಂದ ಡ್ರಮ್ಮು ಸಣ್ಣಗ ಶುರು ಆತು, ಅದಕ್ಕ ನೂರು ಕೈ, ಅದಕ್ಕ ಸಾವಿರ ಕೈ. ನಮ್ಮ ಹುಡುಗ ಬಿದ್ದ ಶೇಂಗಾ ಆರಿಸ್ಕೋತಿದ್ದಾವ ಅದನ್ನ ಅಲ್ಲೇ ಬಿಟ್ಟು ಎದ್ದು ನಿಂತ. ಹಾಫ್ ಟೈಮಿಗೆ ಸ್ವಲ್ಪ ಮೊದಲ ಛೆಟ್ರಿ ಸರಿ ಮಾಡಿದ, 67ಕ್ಕ ಮತ್ತ ಛೆಟ್ರಿ, 75ಕ್ಕ ಹುವಾನನ್, 3-1. ಭಾರತದ ಒಂದ ಕ್ಲಬ್ಬು ಎಎಫ್‌ಸಿ ಕಪ್ ಫೈನಲ್ ಮುಟ್ಟಿದ್ದು ಅದ ಮೊದಲು. ಅವತ್ತ ನಾನೂ ಅತ್ತೀನಿ, ಇದನ್ನ ಇಲ್ಲಿ ಬರಿಯಾಕ ನನಗೇನೂ ಸಂಕೋಚ ಇಲ್ಲ. ನವೆಂಬರ್ 5ಕ್ಕ ದೋಹಾದಾಗ ಇರಾಕಿನ ಏರ್ ಫೋರ್ಸ್ ಕ್ಲಬ್ಬಿಗೆ 1-0 ಸೋತ್ವಿ. ಆ ಮೂರು ಹುಡುಗ್ರು ಈಗ ಮೂರು ಊರಾಗ ನೌಕರಿ ಮಾಡ್ತಾರ, ಇವತ್ತಿಗೂ ಫೋನ್ ಮಾಡಿದ್ರ ಮೊದಲ ದೋಹಾ ಮಾತ ತಗೀತಾರ, 3-1 ಆಮ್ಯಾಲೆ.

"ನಿನಗೇನು ಬಂತು" ಅನ್ನೂ ಪ್ರಶ್ನಿಗೆ ಉಳದರ್ಧ ಉತ್ತರ ಅಂದ್ರ, ನೀವು ಏನ್ ಕೊಟ್ರಿ ಅನ್ನೂದು. ಇದನ್ನ ಮಂದಿ ಭಾವನಾತ್ಮಕ ಮಾತು ಅಂತ ತಳ್ಳಿಹಾಕ್ತಾರ, ಆದ್ರ ಇದು ಅಳದು ನೋಡಿದ ವಿಷಯ. ಇಂಗ್ಲೆಂಡಿನ್ಯಾಗ ನಲವತ್ತು ಮಂದಿ ರೆಫ್ರಿಗಳಿಗೆ ಲಿವರ್‌ಪೂಲ್ ತನ್ನ ಮನಿಯಾಗ ಆಡಿದ ಒಂದ ಮ್ಯಾಚಿನ ವಿಡಿಯೋ ತೋರಿಸಿದ್ರು, ಅರ್ಧ ಮಂದಿಗೆ ಜನರ ಗದ್ದಲದ ಜೋಡಿ, ಅರ್ಧ ಮಂದಿಗೆ ಸಪ್ಪಳ ಬಂದ್ ಮಾಡಿ. ಗದ್ದಲ ಕೇಳಿಕೋತ ನೋಡಿದವ್ರು ಹೋಮ್ ಟೀಮ್ ಮ್ಯಾಲೆ ಕೊಟ್ಟ ಫೌಲ್ ಸುಮಾರು 15 ಪರ್ಸೆಂಟಿನಷ್ಟು ಕಡಿಮಿ ಇದ್ವು. 2002ರಾಗ ಇದು ಪ್ರಕಟ ಆತು. ರೆಫ್ರಿಗಳು ಮೋಸ ಮಾಡಿದ್ರು ಅಂತಲ್ಲ, ಅನುಮಾನ ಇದ್ದ ಕ್ಷಣದಾಗ ಹತ್ತು ಸಾವಿರ ಮಂದಿ ಒಮ್ಮೆಲೆ "ಏ" ಅಂದ್ರ ಮನುಷ್ಯ ಮಾತ್ರದವ ಸ್ವಲ್ಪ ವಾಲತಾನ. ಆಟಗಾರರ ಮೈಯಾಗೂ ಫರಕ್ ಐತಿ, ಮನಿ ಅಂಗಳದಾಗ ಆಡೂ ಮುಂದ ಅವರ ಟೆಸ್ಟೋಸ್ಟೆರೋನ್ ಹೊರಗ ಆಡೂದಕ್ಕಿಂತ ಹೆಚ್ಚಿರತೈತಿ, ಕಟ್ಟಾ ಎದುರಾಳಿ ಬಂದ್ರ ಇನ್ನೂ ಹೆಚ್ಚು, ಇದೂ ಇಂಗ್ಲೆಂಡಿನ ಆಟಗಾರರ ಮ್ಯಾಲೆ ನೋಡಿದ್ದು.

ಆಮ್ಯಾಲೆ ಕೊರೋನಾ ಬಂತು, ಯಾರೂ ಬೇಡದ ಪರೀಕ್ಷೆ ತಾನ ಆತು. 2020ರ ಮೇ ತಿಂಗಳಾಗ ಜರ್ಮನಿ ಲೀಗ್ ಖಾಲಿ ಸ್ಟೇಡಿಯಂನ್ಯಾಗ ಶುರು ಆದಾಗ ಹೋಮ್ ಟೀಮ್ ಗೆಲ್ಲೂದು ಎದ್ದು ಕಾಣೂವಂಗ ಇಳೀತು, ಹೊರಗಿನ ಟೀಮಿಗೆ ಬೀಳೂ ಯೆಲ್ಲೋ ಕಾರ್ಡೂ ಇಳದ್ವು. ನಮ್ಮಲ್ಲೂ ಐಎಸ್ಎಲ್ ಎರಡ ಸೀಸನ್ ಗೋವಾದಾಗ, ಕಡೀ ಫೈನಲ್ ಬಿಟ್ರ, ಮಂದಿ ಇಲ್ಲದ ನಡೀತು. ಟಿವಿಯಾಗ ನೋಡಾಕ ಕುಂತ್ರ ಆಟಗಾರರು ಒಬ್ರಿಗೊಬ್ರು ಕೂಗೂದು, ಬಾಲ್ ಕಂಬಕ್ಕ ಬಡದ ಠಣ್ ಅನ್ನೂದು ಎಲ್ಲಾ ಕೇಳತಿತ್ತು, ಪ್ರಾಕ್ಟೀಸ್ ಮ್ಯಾಚಿನಂಗ. ಅವಾಗ ನನ್ನ ಹತ್ರ ಬರೂ ಆಟಗಾರರು ಒಂದ ಮಾತು ಹೇಳತಿದ್ರು, "ಸರ್, ಸುಸ್ತಾದಾಗ ಎತ್ತಾವ್ರು ಯಾರೂ ಇಲ್ಲ" ಅಂತ. ಎಂಬತ್ತನೇ ನಿಮಿಷಕ್ಕ ಕಾಲು ಕಲ್ಲಾದಾಗ ಇನ್ನೊಂದ ಓಟ ಓಡ್ಸೂದು ಕೋಚಿನ ಕೈಯಾಗ ಇರಂಗಿಲ್ಲ, ಗ್ಯಾಲರಿ ಕೈಯಾಗ ಇರತೈತಿ. ಆ ಐದು ಗೋಲಿನ್ಯಾಗ ನಿಮ್ಮ ಗಂಟಲಿನ ಪಾಲು ಎಷ್ಟು ಅಂತ ಯಾರೂ ಹೇಳಾಕ ಬರಂಗಿಲ್ಲ, ಪಾಲು ಇಲ್ಲ ಅಂತನೂ ಹೇಳಾಕ ಬರಂಗಿಲ್ಲ.

ಇನ್ನ ಗೆಳ್ಯಾರ ಮಾತು, ಗದಗಿನವಗ ಬೆಂಗಳೂರು ಟೀಮ್ ಹೆಂಗ ಅಂತ. ಹಾವೇರಿ ಕಡಿ ದೀಪಾವಳಿ ಹೊತ್ತಿಗೆ ಹೋಗಿ ನೋಡ್ರಿ. ಕೊಬ್ಬರಿ ಹೋರಿ ಬೆದರಸಾಕ ಬಿಡ್ತಾರಲ್ಲ, ಹೋರಿ ಒಬ್ರ ಮನೀದು, ಆದ್ರ ಅದರ ಹೆಸರಿನ ಟೀ ಶರ್ಟ್ ಹಾಕ್ಕೊಂಡು ಬ್ಯಾನರ್ ಹಿಡ್ಕೊಂಡು ಟ್ರ್ಯಾಕ್ಟರ್ ತುಂಬ ಬರಾವ್ರು ನಾಕ ಊರಿನವ್ರು. ಹೋರಿ ಒಂದ ಕೊಬ್ಬರಿನೂ ಹರಿಗೊಡದ ಓಣಿ ದಾಟಿ ಹೋತು ಅಂದ್ರ ಆ ಹುಡುಗ್ರು ಅಳ್ತಾರ, ನೆಲಕ್ಕ ಬಿದ್ದು ಹೊಳ್ಳಾಡತಾರ. ಹಾನಗಲ್ ಕಡಿ ಒಬ್ಬ ಹುಡುಗನ್ನ ನೋಡೀನಿ, ಓಡಿ ಬಂದು ದಣದ ಹೋರಿ ಕುತಿಗಿಗೆ ಮುಖ ಒತ್ತಿ ನಿಂತಿದ್ದ, ಹೋರಿ ಉಸುರಿಗೆ ಅವನ ಬೆನ್ನು ಮ್ಯಾಲೆ ಕೆಳಗ ಆಗತಿತ್ತು. ಹೋರಿ ಅವನದಲ್ಲ, ಅವನ ಊರಿಂದೂ ಅಲ್ಲ, ಮೇವು ಒಂದ ಸೂಡು ತಂದು ಹಾಕತಿದ್ನಂತ ದಿನಾ. ಅಷ್ಟ ಸಾಕು ನಮ್ಮದು ಅನ್ನಾಕ.

ನಿಮ್ಮ ಗದಗಿನ ಉದಾಹರಣಿನೂ ಐತಲ್ಲ. ಕ್ರಿಕೆಟಿನ ಸುನೀಲ ಜೋಶಿಯವ್ರು ಹುಡುಗ ಇದ್ದಾಗ ಪ್ರಾಕ್ಟೀಸಿಗೆ ಅಂತ ನಸುಕಿನ್ಯಾಗ ಗದಗಿನಿಂದ ಹುಬ್ಬಳ್ಳಿಗೆ ಹೋಗಿ ಮತ್ತ ಸಾಲಿ ಹೊತ್ತಿಗೆ ವಾಪಸ್ ಬರತಿದ್ರು. 1999ರಾಗ ನೈರೋಬಿಯಾಗ ದಕ್ಷಿಣ ಆಫ್ರಿಕಾ ಎದುರು ಅವ್ರು ಹಾಕಿದ್ದು 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಮ್ಯಾಚು ಆಫ್ರಿಕಾದಾಗ, ಟೀಮು ಇಂಡಿಯಾ, "ನಮ್ಮಾವ" ಅಂದದ್ದು ಗದಗು. ಅವಾಗ ನಿಮ್ಮ ಗೆಳ್ಯಾರು ಕಿಲೋಮೀಟರ್ ಕೇಳಿದ್ರೇನು? 2023ರ ಮಾರ್ಚ್ ತಿಂಗಳಾಗ ಕರ್ನಾಟಕ ಫುಟ್‌ಬಾಲ್ ಟೀಮು ಸೌದಿಯ ರಿಯಾದಿನ್ಯಾಗ ಮೇಘಾಲಯಕ್ಕ 3-2 ಹೊಡದು ರಾಜ್ಯ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ತಂತು, ಮೈಸೂರು ಅಂತ ಹೆಸರಿದ್ದಾಗ 1968-69ರಾಗ ಗೆದ್ದದ್ದು ಬಿಟ್ರ 54 ವರ್ಷದ ಮ್ಯಾಲೆ. ಆ ಸುದ್ದಿ ನಮ್ಮ ಕಡಿ ಎಷ್ಟ ಮಂದಿಗೆ ಮುಟ್ಟಿತು? ನನಗ ಆ ಬಗ್ಗೆ ಭಾಳ ಬ್ಯಾಸರ ಐತಿ. ಅಷ್ಟು ವರ್ಷ ಕಾದು ಬಂದ ಕಪ್ಪಿಗೆ ಹುಬ್ಬಳ್ಳ್ಯಾಗ ಒಂದ ಪಟಾಕಿ ಸಪ್ಪಳ ಕೇಳ್ಲಿಲ್ಲ ನನಗ. ನಮ್ಮದು ಅನ್ನಾವ್ರು ಇಲ್ಲದ ಗೆಲುವು ಎಷ್ಟು ಬಡವಿ ಇರತೈತಿ ಅಂತ ಅವತ್ತ ಗೊತ್ತಾತು, ಅದಕ್ಕ ನಿಮ್ಮಂಥವರ ಪತ್ರ ಬಂದ್ರ ನನಗ ಖುಷಿ ಆಗತೈತಿ.

ಎರಡ ಎಚ್ಚರಿಕಿ ಹೇಳಬೇಕು, ಇವು ಖುಷಿ ಕಡಿಮಿ ಮಾಡಾಕ ಅಲ್ಲ.

ಒಂದು ಆ ಅಜ್ಜಾರ ಸಲುವಾಗಿ. 2006ರ ವರ್ಲ್ಡ್ ಕಪ್ ಜರ್ಮನಿಯಾಗ ನಡದಾಗ ಮ್ಯೂನಿಕ್ ಸುತ್ತಮುತ್ತ ಹೃದಯದ ಎಮರ್ಜೆನ್ಸಿ ಕೇಸ್ ಎಣಿಸಿದ್ರು, ಜರ್ಮನಿ ಆಡಿದ ದಿನ ಅವು ಬ್ಯಾರೆ ದಿನಕ್ಕಿಂತ 2.66 ಪಟ್ಟು ಇದ್ವು, ಮ್ಯಾಚು ಶುರುವಾದ ಮೊದಲ ಎರಡ ತಾಸಿನ್ಯಾಗ ಎಲ್ಲಾದಕ್ಕಿಂತ ಹೆಚ್ಚು, ಮೊದಲ ಹೃದಯದ ತೊಂದ್ರಿ ಇದ್ದವರಿಗೆ ನಾಕ ಪಟ್ಟು. ಗೆದ್ದ ಮ್ಯಾಚೂ ಎದಿಗೆ ಭಾರನ. ಹಿರ್ಯಾರು ಜೋಡಿ ಇದ್ರ ಅವತ್ತಿನ ಗುಳಿಗಿ ತಗೊಂಡಾರಿಲ್ಲೋ ಕೇಳ್ರಿ, ನೀರು ಕೊಡ್ರಿ. ಎದಿ ಬಿಗಿಯಾಗಿ ಹಿಡದು ಎಡಗೈ ಇಲ್ಲಾ ದವಡಿಗೆ ನೋವು ಹರದು ತಣ್ಣನ ಬೆವರು ಬಂದ್ರ "ಇನ್ನೈದ ನಿಮಿಷ, ಮ್ಯಾಚು ಮುಗೀಲಿ" ಅನ್ನೂ ಮಾತ ಬ್ಯಾಡ, ಸ್ಟೇಡಿಯಂ ಮೆಡಿಕಲ್ ಮಂದೀನ ಕರೀರಿ, 108ಕ್ಕ ಹಚ್ಚರಿ.

ಎರಡನೇದು ಗೆದ್ದಮ್ಯಾಲಿನ ಗುಂಪು. 2025ರ ಜೂನ್ 4ಕ್ಕ ಬೆಂಗಳೂರಾಗ ಚಿನ್ನಸ್ವಾಮಿ ಸ್ಟೇಡಿಯಂ ಹೊರಗ, ಹಿಂದಿನ ರಾತ್ರಿ ಐಪಿಎಲ್ ಗೆದ್ದ ಖುಷಿಗೆ ಬಂದವ್ರೊಳಗ 11 ಮಂದಿ ತೀರಿಹೋದ್ರು, ಎಲ್ಲಾ ಹರೇದ ಮಕ್ಕಳು, ಆ ಫೋಟೋ ನೋಡಿ ನಾ ಎರಡ ದಿನ ಕೆಲಸ ಮಾಡಿಲ್ಲ. ಮಂದಿ ಓಡಿ ಬೀಳ್ತಾರ ಅಂತ ತಿಳೀತಾರ, ಖರೇನ ಆಗೂದು ಒತ್ತಡದಾಗ ಎದಿ ಹಿಗ್ಗಾಕ ಜಾಗ ಇಲ್ಲದ ಉಸುರು ಕಟ್ಟೂದು. ಒಂದ ಚದರ ಮೀಟರಿನ್ಯಾಗ ಐದಾರು ಮಂದಿ ಆದ್ರು ಅಂದ್ರ ನಿಮ್ಮ ಕಾಲು ನಿಮ್ಮ ಮಾತ ಕೇಳಂಗಿಲ್ಲ, ನೀರಾಗ ತೇಲಿದಂಗ ಗುಂಪು ಒಯ್ಯತೈತಿ. ಸುತ್ತಲೂ ಎಲ್ಲಾರ ಭುಜ ನಿಮಗ ಹತ್ತಾಕತ್ತಿತು ಅಂದಕೂಡ್ಲೆ ವಾಪಸ್ ತಿರುಗ್ರಿ, ಆಗ್ಲೆ ಸಿಕ್ಕಿದ್ರ ಎರಡೂ ಕೈ ಎದಿ ಮುಂದ ಮಡಚಿ ಹಿಡೀರಿ, ಉಸುರಾಡಾಕ ಜಾಗ ಉಳೀತೈತಿ, ಗುಂಪಿನ ತಳ್ಳಿಕಿಗೆ ಎದುರು ನಿಲ್ಲಬ್ಯಾಡ್ರಿ, ಅದರ ಜೋಡಿ ಸ್ವಲ್ಪ ಸ್ವಲ್ಪ ಓರಿಯಾಗಿ ಅಂಚಿಗೆ ಸರೀರಿ, ಬಿದ್ದ ಚಪ್ಪಲಿ ಮೊಬೈಲು ಆರ್ಸಾಕ ಬಗ್ಗಬ್ಯಾಡ್ರಿ. ತಮ್ಮನ್ನ ಕರ್ಕೊಂಡು ಹೋಗೂ ಮುಂದ ಇದನ್ನ ಅವನಿಗೆ ಕೈ ಮಾಡಿ ತೋರಿಸಿ ಹೇಳ್ರಿ, ಬರೇ ಬಾಯಿಮಾತು ಸಾಲಂಗಿಲ್ಲ.

ಇನ್ನ ಮುಂದಿನ ಸಲದ ಮಾತು. ಮ್ಯಾಚಿನ ರಾತ್ರಿನ ವಾಪಸ್ ಬಸ್ ಹಿಡೀಬ್ಯಾಡ್ರಿ, ಆಗತೈತಿ ಅಂದ್ರ ಅಲ್ಲೇ ಎಲ್ಲ್ಯಾರ ಮಲಗಿ ಮುಂಜಾನೆ ರೈಲಿಗೆ ಬರ್ರಿ. ಹೈಲೈಟ್ಸ್ ನೋಡ್ರಿ, ಆದ್ರ ಹಾಸಿಗ್ಯಾಗ ಬ್ಯಾಡ, ಮರುದಿನ ಅಂಗಡ್ಯಾಗ ನೋಡ್ರಿ, ಗಿರಾಕಿಗೂ ತೋರಿಸ್ರಿ. ಮೂರನೇ ದಿನದ ಖಾಲಿತನ ಬರೂದು ಗೊತ್ತೈತಲ್ಲ, ಆ ದಿನಕ್ಕ ಮೊದಲ ಒಂದ ಕೆಲಸ ಇಟ್ಕೊಳ್ರಿ, ಭೀಷ್ಮ ಕೆರಿ ಸುತ್ತ ಒಂದ ತಾಸು ತಮ್ಮನ ಜೋಡಿ ನಡೀರಿ, ಮ್ಯಾಚಿನ ಮಾತ ಅಲ್ಲಿ ಆಡಿ ಮುಗಸ್ರಿ.

ಹೆಂಡ್ತೀನ ಒಮ್ಮೆ ಕರ್ಕೊಂಡು ಹೋಗ್ರಿ. ಬರಾಕ ಒಲ್ಲೆ ಅಂದ್ರ ಒತ್ತಾಯ ಬ್ಯಾಡ, ಬಂದ್ರ ಮಾತ್ರ ಆಟದ ರೂಲ್ಸ್ ಹೇಳಿಕೋತ ಕೂರಬ್ಯಾಡ್ರಿ, ಒಬ್ಬ ಆಟಗಾರನ ಕತಿ ಹೇಳ್ರಿ ಸಾಕು. ಛೆಟ್ರಿದ ಹೇಳ್ರಿ, ಬೆಂಗಳೂರು ಎಫ್‌ಸಿ ಹುಟ್ಟಿದ 2013ರಾಗ ಬಂದಾವ, ನಲವತ್ತು ವಯಸ್ಸಿನ್ಯಾಗ ಆ ನಾಲ್ಕನೇ ಗೋಲು ಹೊಡದಾವ ಅಂತ. ಅವರಿಗೂ ಅಲ್ಲಿ ಒಬ್ಬ ತನ್ನಾವ ಸಿಗ್ಲಿ, ಆಮ್ಯಾಲೆ ಅವರ ಕೈ ಹಿಡ್ಕೊಂಡು ಕುಂದರ್ರಿ, ಕಾರ್ನರ್ ಕಿಕ್ಕಿಗೆ ಆ ಕೈ ಒದ್ದೀ ಆಗತೈತೋ ಇಲ್ಲೋ ನನಗ ಬರದು ತಿಳಸ್ರಿ.

ಮತ್ತ ಆ ಅಜ್ಜಾರ ಹೆಸರು ಕೇಳೀರೇನು? ಕೇಳಿಲ್ಲ ಅಂದ್ರ ಮುಂದಿನ ಹೋಮ್ ಮ್ಯಾಚಿಗೆ ಅದ ಸ್ಟ್ಯಾಂಡಿನ ಟಿಕೆಟ್ ತಗೋರಿ, ಅರ್ಧ ತಾಸು ಮೊದಲ ಹೋಗಿ ಅದ ಜಾಗದಾಗ ನಿಂದರ್ರಿ. ಅಂಥಾ ಮಂದಿ ಜಾಗ ಬದಲಿ ಮಾಡಂಗಿಲ್ಲ.